ಗೋಡೆಯ ಏಳು ಪಟ್ಟಿಗಳು

ಇದನ್ನು ನಂಬುವುದೂ ಬಿಡುವುದೂ ನಿಮ್ಮಿಷ್ಟ ಎಂದು ನಾನು ಹೇಳುವುದಿಲ್ಲ. ನಂಬಲೇಬೇಕು. ಇದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡು ನಾನು ಹೇಳುತ್ತಿರುವ ಕಥೆಯಲ್ಲ. ನನ್ನ ಬಲಗೈ ಹೆಬ್ಬೆರಳಿನ ಕೆಳಗೇ ನಡೆದದ್ದು. ನನಗೆ ನಿದ್ದೆಗಣ್ಣಿರಲಿಲ್ಲ, ಜ್ವರವಿರಲಿಲ್ಲ. ಕತ್ತಲೂ ಇರಲಿಲ್ಲ. ಎರಡು ದೀಪ ಉರಿಯುತ್ತಿದ್ದ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ...

ನನ್ನ ಹೆಸರು ಸರೋಜ. ಪಾಂಡವಪುರದವಳು. ನಮ್ಮದು ಆಚಾರರ ಮನೆತನ. ಅಪ್ಪ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದರು. ಗಂಡ ಕೆ.ಆರ್. ಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುತ್ತಾರೆ. ನಾನು ಮನೆಯೊಳಗಿನ ಗೋಡೆಗಳಿಗೆ ಅಲಂಕಾರದ ಮರದ ಪ್ಯಾನೆಲ್ ಕೂರಿಸುತ್ತೇನೆ. ಮರ ಎನ್ನುವುದು ಹೆಸರಿಗಷ್ಟೇ. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ, ಕಾರ್ಖಾನೆಯಲ್ಲಿ ಒತ್ತಿ ತೆಗೆದ ಉದ್ದುದ್ದ ಪಟ್ಟಿಗಳು. ನೋಡಲು ತೇಗದ ಹಾಗೆ ಇರುತ್ತವೆ, ಮೂಗಿಗೆ ಹಿಡಿದರೆ ಅಂಟಿನ ವಾಸನೆ. ಹೆಂಗಸು ಡ್ರಿಲ್ ಹಿಡಿಯುವುದುಂಟೇ ಎಂದು ಕೇಳಿದವರ ಮನೆಗಳಲ್ಲೇ ನಾನು ಹೆಚ್ಚು ಗೋಡೆ ಮಾಡಿದ್ದೇನೆ.

ನನ್ನ ಜೊತೆ ಕೆಲಸಕ್ಕೆ ಬರುವವನು ಮಾದೇವಣ್ಣ. ಸಂತೆಬಾಚಹಳ್ಳಿಯವನು, ಐವತ್ತೈದು ದಾಟಿದೆ. ಮೊದಲು ನಮ್ಮ ಅಪ್ಪನ ಹತ್ತಿರ ಇದ್ದ, ಈಗ ನನ್ನ ಹತ್ತಿರ ಇದ್ದಾನೆ. ಮಾತು ಕಮ್ಮಿ. ಬೀಡಿ ಬಿಟ್ಟರೆ ಬೇರೆ ಚಟವಿಲ್ಲ. ಇನ್ನೊಬ್ಬರ ಮನೆಯಲ್ಲಿ ಕೆಲಸ ಮಾಡುವಾಗ ನೀರು ಕುಡಿಯುವುದಕ್ಕೂ ಕೇಳಿಯೇ ಕುಡಿಯುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಮನೆಯಲ್ಲಿ ಮೊದಲು ಬೆರಳು ತೋರಿಸಿದ್ದು ಅವನ ಕಡೆಗೇ.

ಕಳೆದ ವರ್ಷ, ಚಳಿಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಮೇಲುಕೋಟೆಯಿಂದ ರಂಗನಾಯಕಿ ಟೀಚರ್ ಫೋನ್ ಮಾಡಿದರು. ಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಾರೆ. ಅದು ಸಾಲದು ಎಂದು ಸಂಜೆ ಹೊತ್ತು ಬೇರೆ ಬೇರೆ ಊರಿನ ಮಕ್ಕಳಿಗೆ ಮೊಬೈಲಿನಲ್ಲೇ ಶ್ಲೋಕದ ತರಗತಿ ಶುರು ಮಾಡಿದ್ದರು.

"ನಾನು ಕೂತ್ಕೊಳ್ಳೋ ಜಾಗದ ಹಿಂದಿನ ಗೋಡೆ ಪೂರ್ತಿ ಉಪ್ಪು ಬಿಟ್ಟಿದೆ ಸರೋಜಮ್ಮ. ಮಕ್ಕಳಿಗೆ ಪಾಠಕ್ಕಿಂತ ಮೊದಲು ಅದೇ ಕಾಣುತ್ತೆ. ಏನಾದ್ರೂ ಮಾಡಿ ಮುಚ್ಚಿಕೊಡಿ" ಎಂದರು.

ಹೋಗಿ ನೋಡಿದೆ. ಹಳೆಯ ಹೆಂಚಿನ ಮನೆ. ಬೀದಿಯಿಂದ ಒಳಗೆ ಬಂದರೆ ಮೊದಲು ಪಡಸಾಲೆ, ಪಡಸಾಲೆಯ ಎಡಕ್ಕೆ ಈ ಕೋಣೆ. ಕೋಣೆಗೆ ಕಿಟಕಿ ಇಲ್ಲ, ಇರುವುದು ಪಡಸಾಲೆಗೆ ತೆರೆಯುವ ಒಂದೇ ಬಾಗಿಲು. ಆ ಬಾಗಿಲಿಗೆ ಎದುರಿನದೇ ಮುಚ್ಚಬೇಕಾದ ಗೋಡೆ, ಹದಿನೈದು ಅಡಿ ಉದ್ದ. ಗೋಡೆಯ ಆಚೆ ಏನಿದೆ ಎಂದು ಕೇಳಿದೆ. ಟೀಚರ ಯಜಮಾನರು ಸಂಪತ್ ಅವರು ಹೇಳಿದರು, "ಏನೂ ಇಲ್ಲ, ಬಂಡೆ. ನಮ್ಮ ತಾತ ಬೆಟ್ಟಕ್ಕೇ ಆನಿಸಿ ಕಟ್ಟಿದ್ದು."

ಸಂಪತ್ ಅವರಿಗೆ ಪಾಂಡವಪುರದಲ್ಲಿ ಆಫೀಸು ಕೆಲಸ. ಮನುಷ್ಯ ಕೆಟ್ಟವರಲ್ಲ. ಆದರೆ ಎಲ್ಲದಕ್ಕೂ ಒಂದು ಕಾರಣ, ಒಬ್ಬ ತಪ್ಪಿತಸ್ಥ ಇರಲೇಬೇಕು ಅವರಿಗೆ.

ಈ ಪಟ್ಟಿಗಳನ್ನು ಕೂರಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದೆ ಆದದ್ದು ಎಷ್ಟು ಅಸಾಧ್ಯ ಎಂದು ನಿಮಗೆ ತಿಳಿಯುವುದಿಲ್ಲ. ಮೊದಲು ಗೋಡೆಗೆ ಅಡ್ಡಡ್ಡ ರೀಪರ್, ಎಂದರೆ ತೆಳ್ಳನೆಯ ಉದ್ದ ಮರದ ತುಂಡು, ಹೊಡೆಯುತ್ತೇವೆ. ಪಟ್ಟಿಗಳು ಅರ್ಧ ಅಡಿ ಅಗಲ, ಎಂಟು ಅಡಿ ಎತ್ತರ. ಒಂದು ಅಂಚಿನಲ್ಲಿ ನಾಲಗೆ, ಇನ್ನೊಂದು ಅಂಚಿನಲ್ಲಿ ತೋಡು. ಎಡ ಮೂಲೆಯಲ್ಲಿ ಮೊದಲ ಪಟ್ಟಿ ನಿಲ್ಲಿಸಿ ತೋಡಿನೊಳಗೆ ಸ್ಕ್ರೂ ಬಿಗಿಯುತ್ತೇವೆ. ಎರಡನೆಯದರ ನಾಲಗೆ ಆ ತೋಡಿಗೆ ಹೊಕ್ಕು ಸ್ಕ್ರೂವನ್ನು ಮುಚ್ಚುತ್ತದೆ. ಹೀಗೆ ಮೂವತ್ತೂ ಪಟ್ಟಿ ಒಂದರ ಬಾಯಿ ಒಂದು ಕಚ್ಚಿಕೊಂಡು ನಿಲ್ಲುತ್ತವೆ. ಬಿಚ್ಚಬೇಕಾದರೆ ಬಲ ಮೂಲೆಯ ಕೊನೆಯ ಪಟ್ಟಿಯಿಂದ ಒಂದೊಂದಾಗಿ ಬಿಚ್ಚುತ್ತ ಬರಬೇಕು. ನಡುವಿನದನ್ನು ಮಾತ್ರ ಕೀಳುತ್ತೇನೆಂದರೆ ಒಡೆಯಬೇಕು. ಬೇರೆ ದಾರಿ ಇಲ್ಲ.

ಬೆಳಿಗ್ಗೆ ಶುರು ಮಾಡಿದವರು ಸಂಜೆಗೆ ಮೂವತ್ತೂ ಕೂರಿಸಿದೆವು. ಮೂಲೆಯ ಅಂಚುಪಟ್ಟಿ ಮಾತ್ರ ಮಾರನೆಯ ದಿನಕ್ಕೆ ಉಳಿಯಿತು. ನಾನು ಸ್ಕೂಟರಿನಲ್ಲಿ ಬೆಟ್ಟ ಇಳಿದು ಮನೆಗೆ ಹೋದೆ. ಮಾದೇವಣ್ಣ ಸಾಮಾನಿನ ಜೊತೆ ಅಲ್ಲೇ ಪಡಸಾಲೆಯಲ್ಲಿ ಮಲಗಿದ. ಸಂಪತ್ ಅವರು, ಟೀಚರು ಮಹಡಿಯ ಮೇಲೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೂವರೂ ಆ ಕೋಣೆಯಲ್ಲಿ ನಿಂತಿದ್ದರು.

ಗೋಡೆಯ ನಡುವೆ ಏಳು ಪಟ್ಟಿ ಇರಲಿಲ್ಲ.

ಅವು ಪಕ್ಕದ ಗೋಡೆಗೆ ಒರಗಿ ನಿಂತಿದ್ದವು. ಹೇಗೆಂದರೆ ಹಾಗಲ್ಲ, ಗೋಡೆಯ ಮೇಲೆ ಇದ್ದ ಅನುಕ್ರಮದಲ್ಲೇ. ನೆಲಕ್ಕೆ ತಾಗಿ ಅಂಚು ಮುಕ್ಕಾಗದಿರಲಿ ಎಂದು ಕೆಳಗೆ ನಮ್ಮದೇ ನ್ಯೂಸ್ ಪೇಪರ್ ಮಡಿಸಿ ಹಾಸಿತ್ತು. ಸ್ಕ್ರೂಗಳೆಲ್ಲ ಒಂದು ಕಡೆ ಗುಡ್ಡೆಯಾಗಿದ್ದವು. ಎಡಕ್ಕೂ ಬಲಕ್ಕೂ ಉಳಿದ ಪಟ್ಟಿಗಳು ಒಂದಿಷ್ಟೂ ಅಲುಗಿರಲಿಲ್ಲ. ಏಳರ ನಾಲಗೆಯನ್ನೂ ಬೆರಳಾಡಿಸಿ ನೋಡಿದೆ. ಒಂದು ಗೀರಿಲ್ಲ, ಬಿರುಕಿಲ್ಲ.



"ರಾತ್ರಿ ಕೆಳಗಿದ್ದೋರು ಇವರೊಬ್ಬರೇ" ಎಂದರು ಸಂಪತ್.

ಮಾದೇವಣ್ಣ ನನ್ನ ಮುಖ ನೋಡಿದ. "ಮುಟ್ನಿಲ್ಲ ಕಣವ್ವ" ಎಂದ. ಅಷ್ಟೇ.

"ಸಾರ್, ನಡುಗಡೆಯಿಂದ ಹಿಂಗೆ ತೆಗೆಯಕ್ಕೆ ನನ್ ಕೈಲೂ ಆಗಲ್ಲ, ಇದ ಮಾಡಿದ ಕಾರ್ಖಾನೆಯೋರ ಕೈಲೂ ಆಗಲ್ಲ" ಎಂದೆ. ಒಂದು ಪಟ್ಟಿಯನ್ನು ಎತ್ತಿ ಹಿಡಿದು, ನಾಲಗೆ ಹೇಗೆ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿಯೂ ತೋರಿಸಿದೆ. ಅವರು ತಲೆಯಾಡಿಸಿದರು. ಒಪ್ಪಿದ್ದಕ್ಕಲ್ಲ. ಇಬ್ಬರೂ ಸೇರಿ ಏನೋ ಆಟ ಕಟ್ಟಿದ್ದೀರಿ ಎನ್ನುವ ಹಾಗೆ.

ಬಲಗಡೆಯಿಂದ ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದೆವು. ಆ ರಾತ್ರಿ ಸಂಪತ್ ಅವರೇ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಅದೇ ಏಳು ಪಟ್ಟಿ, ಅದೇ ಪಕ್ಕದ ಗೋಡೆಗೆ, ಅದೇ ಅನುಕ್ರಮದಲ್ಲಿ...

ಏಳು ಪಟ್ಟಿ ಎಂದರೆ ಮೂರೂವರೆ ಅಡಿ. ನಾನು ಬಾಗಿಲು ಮಾಡುವವರ ಮಗಳು. ಮೂರೂವರೆ ಅಡಿ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇಲ್ಲಿ ಮೊದಲು ಬಾಗಿಲೇನಾದ್ರೂ ಇತ್ತಾ ಟೀಚರ್? ಮುಚ್ಚಿಸಿದ್ರಾ?"

"ಬಂಡೆಗೆ ಯಾರು ಬಾಗಿಲಿಡ್ತಾರೆ ಸರೋಜಮ್ಮ?"

ನನಗೆ ಸಮಾಧಾನವಾಗಲಿಲ್ಲ. ಸುತ್ತಿಗೆಯಿಂದ ತಟ್ಟುತ್ತ ಬಂದೆ. ಎಲ್ಲೂ ಟೊಳ್ಳು ಸದ್ದಿಲ್ಲ. ಡ್ರಿಲ್ಲಿಗೆ ಉದ್ದನೆಯ ಬಿಟ್ ಹಾಕಿ ಮೂರು ಕಡೆ ಕೊರೆದೆ. ಒಂದು ಗೇಣು ಮಣ್ಣು ಬಂತು, ಆಮೇಲೆ ಕಲ್ಲು ಸಿಕ್ಕಿ ಬಿಟ್ ಕಿರುಚಿಕೊಂಡಿತು. ಮೂರು ಕಡೆಯೂ ಅದೇ. ಕಮಾನಿಲ್ಲ, ಇಟ್ಟಿಗೆ ತುಂಬಿದ ಗುರುತಿಲ್ಲ. ಅಲ್ಲಿ ಬಾಗಿಲು ಯಾವ ಕಾಲಕ್ಕೂ ಇರಲಿಲ್ಲ. ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ಬಾಗಿಲೊಂದು ಸಿಕ್ಕಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು ನನಗೆ.

ಸಂಪತ್ ಅವರ ತಾಳ್ಮೆ ಅಷ್ಟಕ್ಕೆ ಮುಗಿಯಿತು. "ಹಳೇ ಬೀಗ, ಅವರು ಮರಗೆಲಸದೋರು. ತೆಗೆಯೋದು ಏನು ಕಷ್ಟ? ಯಾಕೆ ಹೀಗೆ ಮಾಡ್ತಿದ್ದೀರಿ ಅಂತ ನೇರವಾಗಿ ಹೇಳಿಬಿಟ್ರೆ ಒಳ್ಳೇದು. ಇಲ್ಲಾಂದ್ರೆ ನಾನು ಸ್ಟೇಷನ್‌ಗೆ ಹೋಗಿ ಹೇಳ್ಬೇಕಾಗುತ್ತೆ" ಎಂದರು.

ಮಾದೇವಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನಾನು ಒಂಟೋಯ್ತೀನಿ ಸರೋಜವ್ವ. ಇಷ್ಟು ವರ್ಸದಲ್ಲಿ ಇಂಗೆ ಅನ್ನಿಸ್ಕಂಡಿರ್ನಿಲ್ಲ."

ಚೀಲ ಎತ್ತಿಕೊಳ್ಳಲು ಕೈ ಚಾಚಿದ. ಅಪ್ಪನ ಉಳಿ ಹಿಡಿದ ಕೈ ಅದು. ನಾನು ಚಿಕ್ಕವಳಿದ್ದಾಗ ನನ್ನ ಬೆರಳಿಗೆ ಚುಚ್ಚಿದ ಸಿಬರು ತೆಗೆದ ಕೈ.

"ಎಲ್ಲೂ ಓಗಂಗಿಲ್ಲ. ಕೂತ್ಕೋ ಮಾದೇವಣ್ಣ" ಎಂದೆ. ಸಂಪತ್ ಅವರ ಕಡೆ ತಿರುಗಿದೆ. "ಸಾರ್, ಇವತ್ತು ರಾತ್ರಿ ನಾನು ಈ ರೂಮಲ್ಲಿ ಕೂರ್ತೀನಿ. ನಾಳೆ ಬೆಳಿಗ್ಗೆ ಇದ ಮಾಡ್ತಿರೋದು ನಮ್ಮೋನು ಅಂತ ಗೊತ್ತಾದ್ರೆ ನಾನೇ ಸ್ಟೇಷನ್‌ಗೆ ಕರ್ಕೊಂಡು ಓಗ್ತೀನಿ. ಅಲ್ಲ ಅಂತ ಗೊತ್ತಾದ್ರೆ, ನೀವು ಅವನ ಮುಂದೆ ನಿಂತು ತಪ್ಪಾಯ್ತು ಅನ್ಬೇಕು."

ಟೀಚರ್ ಅಡ್ಡ ಬಂದರು. "ಬೇಡಿ ಸರೋಜಮ್ಮ. ಒಬ್ಬ ಹೆಂಗಸು ರಾತ್ರಿಯೆಲ್ಲ... ಯಾರನ್ನಾದ್ರೂ ಕರೆಸಿ ಕೇಳೋಣ. ಶಾಂತಿ ಗೀಂತಿ ಮಾಡಿಸೋಣ."

"ಮಾಡಿಸೋದಾದ್ರೆ ಆಮೇಲೆ ಮಾಡ್ಸಿ ಟೀಚರ್. ಗೋಡೆ ಮಾಡಿದೋಳು ನಾನು. ಮೊದಲು ನಾನು ಕೇಳ್ತೀನಿ."

ಮೂರನೆಯ ಸಲ ಕೂರಿಸಿದೆವು. ಈ ಸಲ ನಾಚಿಕೆ ಬಿಟ್ಟು ಇನ್ನೊಂದು ಕೆಲಸವನ್ನೂ ಮಾಡಿದೆ. ಆ ಏಳು ಪಟ್ಟಿಗಳ ಮುಖದ ಮೇಲೇ, ಒಂದೊಂದಕ್ಕೆ ಎರಡರಂತೆ ಹದಿನಾಲ್ಕು ಸ್ಕ್ರೂ ಹೊಡೆದೆ. ನಮ್ಮ ಕೆಲಸದಲ್ಲಿ ಮುಖದ ಮೇಲೆ ಸ್ಕ್ರೂ ಕಾಣಿಸಬಾರದು. ಕಂಡರೆ ಅದು ಕೆಲಸ ಬಾರದವರು ಮಾಡಿದ್ದು. ಇರಲಿ ಎಂದುಕೊಂಡೆ.

ರಾತ್ರಿ ಟೀಚರು ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ಮೇಲೆ ಹೋದರು. ಬೀದಿ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದನ್ನು ನಾನೇ ನೋಡಿದೆ. ಮಾದೇವಣ್ಣ ಪಡಸಾಲೆಯಲ್ಲಿ, ಕೋಣೆಯ ಬಾಗಿಲಿಗೆ ಸರಿಯಾಗಿ ಕಂಬಳಿ ಹೊದ್ದು ಕೂತ. ನಾನು ಕೋಣೆಯೊಳಗೆ, ಗೋಡೆಯಿಂದ ಒಂದು ಮಾರು ದೂರದಲ್ಲಿ, ಖಾಲಿ ಡಬ್ಬದ ಮೇಲೆ.

"ನಿದ್ದೆ ಬಂದ್ರೆ ಕೂಗು" ಎಂದೆ.

"ನಿದ್ದೆ ಎಲ್ಲಿಂದ ಬಂದದವ್ವ" ಎಂದ.

ಮೇಲುಕೋಟೆಯ ರಾತ್ರಿ ಸುಮ್ಮನಿರುವುದಿಲ್ಲ. ಬೆಟ್ಟದ ಮೇಲಿನ ಊರು. ಹೆಂಚಿನ ಸಂದಿಯಲ್ಲಿ ಗಾಳಿ ಊದುತ್ತಲೇ ಇರುತ್ತದೆ, ಎಲ್ಲೋ ಒಂದು ತಗಡು ಬಡಿಯುತ್ತಿರುತ್ತದೆ, ಕೋತಿಗಳು ಮಾಡಿನ ಮೇಲೆ ಹೊರಳುತ್ತಿರುತ್ತವೆ. ಆ ಸದ್ದುಗಳನ್ನೆಲ್ಲ ಒಂದೊಂದಾಗಿ ಗುರುತು ಹಿಡಿಯುತ್ತ ಕೂತಿದ್ದೆ.

ಮಧ್ಯರಾತ್ರಿ ದಾಟಿತ್ತು. ಗಾಳಿ ನಿಂತಿತು.

ಕಡಿಮೆಯಾದದ್ದಲ್ಲ. ನಿಂತಿತು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ...

ಆಮೇಲೆ ವಾಸನೆ ಬಂತು. ಹಸಿ ತೇಗಕ್ಕೆ ಉಜ್ಜುಗೊರಡು ಹೊಡೆದಾಗ ಏಳುತ್ತದಲ್ಲ, ಎಣ್ಣೆ ಬೆರೆತಂಥ ಬೆಚ್ಚನೆಯ ವಾಸನೆ, ಅದು. ನಾನು ಹುಟ್ಟಿ ಬೆಳೆದ ಮನೆಯ ವಾಸನೆ ಅದು, ತಪ್ಪುವ ಹಾಗೇ ಇಲ್ಲ. ಆದರೆ ಆ ಕೋಣೆಯಲ್ಲಿ ತೇಗ ಎಲ್ಲಿತ್ತು? ಪ್ಲಾಸ್ಟಿಕ್ ಪಟ್ಟಿ, ಹಳೆಯ ಸಿಲ್ವರ್ ಓಕಿನ ರೀಪರ್, ಅಂಟಿನ ಡಬ್ಬ. ಅಷ್ಟೇ.

"ಮಾದೇವಣ್ಣ, ವಾಸನೆ ಬಂತಾ?" ಪಿಸುಗುಟ್ಟಿದೆ.

ಅವನು ಉತ್ತರ ಕೊಡುವ ಮೊದಲೇ ಗೋಡೆಯಲ್ಲಿ ಸದ್ದಾಯಿತು.

ಕ್ರ್... ಕ್ರ್...

ತೀರಾ ಸಣ್ಣದು. ಆದರೆ ನನಗೆ ಗೊತ್ತಿರುವ ಸದ್ದು. ಬಿಗಿಯಾಗಿ ಕೂತ ಸ್ಕ್ರೂ ಮೊದಲ ಸುತ್ತು ಬಿಡುವಾಗ ಮಾಡುವ ಸದ್ದು.

ಎದ್ದು ಗೋಡೆಯ ಹತ್ತಿರ ಹೋದೆ. ನನ್ನ ಎದೆಯ ಎತ್ತರಕ್ಕೆ ಇದ್ದ ಸ್ಕ್ರೂವಿನ ತಲೆ ತಿರುಗುತ್ತಿತ್ತು. ನಿಧಾನವಾಗಿ, ಎಡಕ್ಕೆ. ಕಾಲು ಸುತ್ತು ತಿರುಗಿ ನಿಲ್ಲುತ್ತಿತ್ತು, ಮತ್ತೆ ಕಾಲು ಸುತ್ತು. ಸ್ಕ್ರೂಡ್ರೈವರ್ ಹಿಡಿದವರು ಮಣಿಕಟ್ಟು ತಿರುಗಿಸಿ, ಹಿಡಿತ ಬದಲಿಸಿ, ಮತ್ತೆ ತಿರುಗಿಸುತ್ತಾರಲ್ಲ, ಅದೇ ಲಯ.

ಅದರ ಮೇಲೆ ಹೆಬ್ಬೆರಳು ಇಟ್ಟು ಒತ್ತಿದೆ.

ನನ್ನ ಬೆರಳಿನ ಕೆಳಗೆ ಅದು ತಿರುಗಿತು. ಚರ್ಮ ಸೊಟ್ಟಗಾಗುವಷ್ಟು ಒತ್ತಿ ಹಿಡಿದಿದ್ದೆ, ಆದರೂ ತಿರುಗಿತು. ಆ ಕಾಲು ಸುತ್ತಿನ ಬಲ ಇವತ್ತಿಗೂ ನನ್ನ ಬೆರಳಿನಲ್ಲಿದೆ...

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಮೂರು ದಿನದ ಕೆಲಸ. ಒಬ್ಬ ಮನುಷ್ಯನ ಮಾನ.

"ಇದು ನಾನು ಮಾಡಿದ ಗೋಡೆ" ಎಂದೆ. ದನಿ ಗಟ್ಟಿಯಾಗಿಯೇ ಬಂತು. "ಕೈ ಇಕ್ಬೇಡ."

ಸ್ಕ್ರೂ ನಿಂತಿತು.

ಸ್ಕ್ರೂಡ್ರೈವರಿನಿಂದ ಅದನ್ನು ಮತ್ತೆ ಬಿಗಿದೆ. ಕೊನೆಯ ಸುತ್ತು ಬಿಗಿಯುವಷ್ಟರಲ್ಲಿ ನನ್ನ ಬಲಗಡೆ, ಏಳನೆಯ ಪಟ್ಟಿಯಿಂದ ಒಂದು ಸ್ಕ್ರೂ ನೆಲಕ್ಕೆ ಬಿತ್ತು. ಟಿಣ್. ಎತ್ತಿಕೊಂಡೆ, ಬಿಸಿಯಾಗಿತ್ತು. ಮರದಿಂದ ಆಗ ತಾನೆ ಬಿಚ್ಚಿದ ಸ್ಕ್ರೂ ಬಿಸಿಯಾಗಿರುತ್ತದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಚ್ಚಿದವರು ಯಾರು ಎನ್ನುವುದೊಂದನ್ನು ಬಿಟ್ಟರೆ.

ಅದನ್ನೂ ಹಾಕಿದೆ. ಎಡಗಡೆ ಇನ್ನೊಂದು ಬಿತ್ತು. ಅದನ್ನು ಹಾಕಿದೆ. ಮೇಲಿನದು ಬಿತ್ತು. ನಾನು ಬಿಗಿಯುವುದು, ಅದು ಬಿಚ್ಚುವುದು. ಎಷ್ಟು ಹೊತ್ತು ಹೀಗೆ ನಡೆಯಿತೋ ತಿಳಿಯದು. ಆ ಚಳಿಯಲ್ಲೂ ಬೆನ್ನು ಬೆವತು ರವಿಕೆ ಅಂಟಿಕೊಂಡಿತ್ತು. ಅಳು ಬರುವ ಹಾಗಿತ್ತು, ಅಳಲಿಲ್ಲ.

ಆ ಕಡೆಯ ಕೈಗೆ ಅವಸರವೇ ಇರಲಿಲ್ಲ. ಸಿಟ್ಟೂ ಇದ್ದ ಹಾಗೆ ಕಾಣಲಿಲ್ಲ. ಒಂದು ಪಟ್ಟಿಗೂ ಪೆಟ್ಟಾಗದ ಹಾಗೆ, ಕೆಲಸ ಬಲ್ಲವರು ಬಿಚ್ಚುವ ಹಾಗೆ ಬಿಚ್ಚುತ್ತಿತ್ತು. ಅದೇ ನನ್ನನ್ನು ಹೆಚ್ಚು ನಡುಗಿಸಿದ್ದು.

ಗೋಡೆಯ ಒಳಗಿರುವುದು ಯಾವುದೋ ಹೊರಗೆ ಬರಬೇಕೆಂದಿದೆ ಎಂದು ನಾನು ಆಗ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಸರಿ. ಇವತ್ತೊಂದು ರಾತ್ರಿ. ನಾನೇ ತೆಗೀತೀನಿ" ಎಂದೆ. "ಇನ್ಮೇಲೆ ಇದ ಮುಟ್ಟಂಗಿಲ್ಲ. ನಮ್ಮೋನ ತಲೆ ಮೇಲೆ ತಪ್ಪು ಬರಂಗಿಲ್ಲ. ಒಪ್ಪಿದ್ರೆ ಸುಮ್ನಿರು."

ಸದ್ದಿಲ್ಲ. ಯಾವ ಸ್ಕ್ರೂವೂ ಬೀಳಲಿಲ್ಲ.

ಹದಿನಾಲ್ಕೂ ಸ್ಕ್ರೂ ತೆಗೆದೆ. ಆಮೇಲೆ ಬಲ ಮೂಲೆಯಿಂದ ಬಿಚ್ಚುತ್ತ ಬರಬೇಕಲ್ಲ ಎಂದುಕೊಂಡು, ಸುಮ್ಮನೆ ಪರೀಕ್ಷೆಗೆಂದು ನಡುವಿನ ಪಟ್ಟಿಯ ಮೇಲೆ ಅಂಗೈ ಇಟ್ಟೆ. ಅದು ತಾನಾಗಿ ನನ್ನ ಕೈಗೆ ಬಂತು. ಕಪಾಟಿನಿಂದ ತಟ್ಟೆ ಎತ್ತಿಕೊಂಡಷ್ಟು ಸಲೀಸಾಗಿ... ಎರಡನೆಯದು, ಮೂರನೆಯದು. ಏಳನ್ನೂ ಪಕ್ಕದ ಗೋಡೆಗೆ ಒರಗಿಸಿ ಈಚೆ ಸರಿದು ನಿಂತೆ.

ಎದುರಿಗೆ ಬರಿಯ ಗೋಡೆ. ಉಪ್ಪು ಬಿಟ್ಟ ಸುಣ್ಣ, ಅಡ್ಡ ರೀಪರ್, ನಾನೇ ಕೊರೆದ ಮೂರು ತೂತು.

"ನೋಡು. ಏನೂ ಇಲ್ಲ" ಎಂದೆ.

ಆಗ ಪಡಸಾಲೆಯಲ್ಲಿ ಮಾದೇವಣ್ಣ ಮೆಲ್ಲಗೆ ಮಾತಾಡಿದ್ದು ಕೇಳಿಸಿತು.

"ಊಂ, ಬನ್ನಿ ಬನ್ನಿ."

ಯಾರಿಗೋ ದಾರಿ ಬಿಡುವಾಗ ಹೇಳುತ್ತೇವಲ್ಲ, ಹಾಗೆ.

ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇಲ್ಲ. ಆದರೆ ಹೊಸ್ತಿಲ ಹತ್ತಿರ ನಾವು ಹಾಸಿದ್ದ ನ್ಯೂಸ್ ಪೇಪರಿನ ಅಂಚು ಎದ್ದಿತು. ಇಡೀ ಹಾಳೆ ನೆಲದ ಮೇಲೆ ಸರಸರನೆ ಜಾರುತ್ತ ನನ್ನ ಕಡೆಗೆ ಬಂತು. ನನ್ನ ಕಾಲು ಸವರಿಕೊಂಡು, ನನ್ನನ್ನು ದಾಟಿ, ಆ ಖಾಲಿ ಜಾಗಕ್ಕೆ ಹೋಗಿ ಗೋಡೆಗೆ ಅಂಟಿ ನಿಂತಿತು. ಒಳಗಿನಿಂದ ಯಾರೋ ಉಸಿರೆಳೆದುಕೊಳ್ಳುತ್ತಿರುವ ಹಾಗೆ, ಕಾಗದ ರೀಪರುಗಳ ನಡುವೆ ಒಳಕ್ಕೆ ಬಾಗಿತ್ತು.

ನಾನು ಉಸಿರು ಬಿಡಲಿಲ್ಲ.

ಆಮೇಲೆ ಹಾಳೆ ಸಡಿಲವಾಗಿ ನೆಲಕ್ಕೆ ಬಿತ್ತು. ತೇಗದ ವಾಸನೆ ಇರಲಿಲ್ಲ. ಹೆಂಚಿನ ಸಂದಿಯಲ್ಲಿ ಗಾಳಿ ಮತ್ತೆ ಊದತೊಡಗಿತು. ದೂರದಲ್ಲಿ ತಗಡು ಬಡಿಯಿತು.

ಪಡಸಾಲೆಗೆ ಓಡಿದೆ. ಮಾದೇವಣ್ಣ ಕಂಬಳಿ ಮಡಿಲಿಗೆ ಎಳೆದುಕೊಂಡು, ಬಾಗಿಲಿನಿಂದ ಒಂದು ಮೊಳ ಪಕ್ಕಕ್ಕೆ ಸರಿದು ಕೂತಿದ್ದ.

"ಟೀಚರಮ್ಮ ಒಳಿಕ್ಕೆ ಬಂದ್ರಲ್ಲ, ಏನಂತೆ?" ಎಂದು ಕೇಳಿದ.

"ಯಾರೂ ಬರ್ನಿಲ್ಲ ಮಾದೇವಣ್ಣ."

"ಬಂದ್ರಲ್ಲವ್ವ. ನಾನು ತಲೆ ಬಗ್ಗಿಸ್ಕಂಡು ಕೂತಿದ್ದೆ. ಬೀದಿ ಕಡೆಯಿಂದ ಬಂದು, 'ವಸಿ ಜರುಗಪ್ಪ' ಅಂದ್ರು. ಜರುಗ್ದೆ. ಸೀರೆಯೋ ಪಂಚೆಯೋ, ಬಟ್ಟೆ ಭುಜಕ್ಕೆ ತಗುಲ್ತು..."

ಭುಜವನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಟೀಚರಮ್ಮ 'ವಸಿ' ಅನ್ನಾಕಿಲ್ಲ ಅಲ್ವಾ?" ಎಂದ.

ಇಲ್ಲ. ಟೀಚರು 'ಸ್ವಲ್ಪ' ಅನ್ನುತ್ತಾರೆ. 'ವಸಿ' ಅನ್ನುವವರು ನಾವು.

ಬೀದಿ ಬಾಗಿಲ ಅಗುಳಿ ಹಾಕಿದ ಹಾಗೇ ಇತ್ತು. ಮಹಡಿಯಿಂದ ಸಂಪತ್ ಅವರ ಗೊರಕೆ ಕೇಳುತ್ತಿತ್ತು.

ಹಾಗಾದರೆ ಅಷ್ಟು ಹೊತ್ತೂ ಬಿಚ್ಚುತ್ತಿದ್ದ ಕೈ ಗೋಡೆಯ ಆ ಕಡೆ ಇರಲಿಲ್ಲ. ಸ್ಕ್ರೂವಿನ ತಲೆ ಇರುವುದು ಈ ಕಡೆ. ಬಿಚ್ಚುವವರು ನಿಲ್ಲಬೇಕಾದದ್ದೂ ಈ ಕಡೆಯೇ. ಇಷ್ಟು ಸರಳವಾದ ಲೆಕ್ಕ ನನಗೆ ಹೊಳೆದಿರಲಿಲ್ಲ. ನನ್ನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ಯಾರೋ ಬಾಗಿಲು ಬಿಡಿಸುತ್ತಿದ್ದರು, ಬೀದಿಯಿಂದ ಬರುವ ಇನ್ಯಾರನ್ನೋ ಆ ಗೋಡೆಯೊಳಕ್ಕೆ ಕರೆದುಕೊಳ್ಳಲು. ನಾನು ಅವರ ಜೊತೆ ಚೌಕಾಸಿ ಮಾಡಿ ಬಾಗಿಲು ತೆಗೆದುಕೊಟ್ಟೆ.

"ಏಳು ಮಾದೇವಣ್ಣ, ಕೂರಿಸ್ಬುಡಾನ" ಎಂದೆ.

"ಈಗ್ಲಾ?"

"ಈಗ್ಲೇ. ಮಾತು ಮಾತೇ. ಇನ್ಮೇಲೆ ಮುಟ್ಟಂಗಿಲ್ಲ ಅಂತ ಏಳಿವ್ನಿ."

ಬಲ ಮೂಲೆಯಿಂದ ಬಿಚ್ಚಿ, ಏಳನ್ನೂ ಕೂರಿಸಿ, ಉಳಿದದ್ದನ್ನು ಮತ್ತೆ ಸೇರಿಸುವಷ್ಟರಲ್ಲಿ ಕಾಗೆ ಕೂಗಿತು. ಮಾದೇವಣ್ಣ ಪಟ್ಟಿ ಹಿಡಿದ, ನಾನು ಬಿಗಿದೆ. ಮುಖದ ಮೇಲಿನ ಹದಿನಾಲ್ಕು ತೂತುಗಳಿಗೆ ಬಣ್ಣ ಕಲಸಿದ ಪುಟ್ಟಿ ತುಂಬಿ ಉಜ್ಜಿದೆ. ಸ್ಕ್ರೂ ಮತ್ತೆ ಹಾಕಲಿಲ್ಲ. ನನ್ನ ಕೆಲಸ ನನ್ನ ಕೆಲಸದ ಹಾಗೇ ಕಾಣಬೇಕು.

ಬೆಳಿಗ್ಗೆ ಸಂಪತ್ ಅವರು ಇಳಿದು ಬಂದು ಗೋಡೆ ನೋಡಿದರು. ರಾತ್ರಿ ಆದದ್ದನ್ನೆಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಅವರು ಕಾರಣ ಹುಡುಕುತ್ತ ಬೀದಿ ಬಾಗಿಲ ಅಗುಳಿಯನ್ನೂ ಅಲುಗಿಸಿ ನೋಡಿ ಬಂದರು, ಸಿಗಲಿಲ್ಲ. ಟೀಚರು ಅವರನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಮಾದೇವಣ್ಣನ ಮುಂದೆ ನಿಂತು, "ತಪ್ಪಾಯ್ತು ಮಾದೇವಪ್ಪ" ಎಂದರು. ಮೆಲ್ಲಗೆ ಅಂದರು, ಆದರೂ ಅಂದರು.

"ಓಗ್ಲಿ ಬುಡಿ ಸಾಮಿ" ಎಂದ ಮಾದೇವಣ್ಣ. ಆಮೇಲೆ ಹೊರಗೆ ಹೋಗಿ ಜಗಲಿಯ ಮೇಲೆ ಒಂದರ ಹಿಂದೆ ಒಂದು ಮೂರು ಬೀಡಿ ಸೇದಿದ.

ಅಂದಿನಿಂದ ಆ ಗೋಡೆಯ ಒಂದು ಪಟ್ಟಿಯೂ ಅಲುಗಿಲ್ಲ. ಮಾತು ಉಳಿಯಿತು. ಊರಿನಲ್ಲಿ ವಿಷಯ ತಿಳಿದವರು ನನಗೆ ಬುದ್ಧಿ ಹೇಳಲು ಬಂದರು. ಹೆಂಗಸು ಹತ್ಯಾರ ಹಿಡಿದದ್ದೇ ತಪ್ಪು ಎಂದರು ಕೆಲವರು. ದಾರ ಕಟ್ಟಿಸಿಕೋ, ಬೆಟ್ಟದ ಮೇಲಿನ ಕೆಲಸ ಒಪ್ಪಬೇಡ ಎಂದರು ಇನ್ನು ಕೆಲವರು. ದಾರ ಕಟ್ಟಿಸಿಕೊಂಡಿಲ್ಲ. ಬೆಟ್ಟದ ಮೇಲೆ ಆಮೇಲೆ ಎರಡು ಗೋಡೆ ಮಾಡಿ ಬಂದಿದ್ದೇನೆ. ಅಲ್ಲಿ ಏನೂ ಆಗಲಿಲ್ಲ.

ಆದರೆ ಎರಡು ತಿಂಗಳಾದ ಮೇಲೆ ಟೀಚರು ಫೋನ್ ಮಾಡಿದರು. ದನಿ ಸಣ್ಣಗಿತ್ತು.

"ಸರೋಜಮ್ಮ, ನಿನ್ನೆ ಸ್ಕೂಲಿಗೆ ರಜ ಇತ್ತು, ಬೆಳಿಗ್ಗೆನೇ ತರಗತಿ ಇಟ್ಕೊಂಡಿದ್ದೆ. ಒಂದು ಹೊಸ ಮಗು ಬಂದಿತ್ತು. ಆರೇಳು ವರ್ಷ ಇರಬೇಕು. ಶ್ಲೋಕದ ಮಧ್ಯೆ ನಿಲ್ಲಿಸಿ, ಟೀಚರ್, ನಿಮ್ಮ ಹಿಂದಿನ ಬಾಗಿಲು ಹಾಕೋದು ಮರೆತಿದ್ದೀರಿ ಅಂತು."

ನಾನು ಕೇಳಿದೆ, "ನೀವು ತಿರುಗಿ ನೋಡಿದ್ರಾ ಟೀಚರ್?"

"ಇಲ್ಲ. ಶ್ಲೋಕ ಮುಗಿಸಿದೆ. ಆಮೇಲೂ ನೋಡಲಿಲ್ಲ. ನೇರ ಎದ್ದು ಅಡುಗೆ ಮನೆಗೆ ಹೋದೆ."

ಆ ದಿನವೇ ಬೆಟ್ಟ ಹತ್ತಿ ಹೋದೆ. ಪಟ್ಟಿ ಪಟ್ಟಿಯನ್ನೂ ಕೈಯಿಂದ ಒತ್ತಿ, ಉಗುರು ಹಾಕಿ ಸಂದು ನೋಡಿದೆ. ಕೂದಲೆಳೆ ಹೋಗುವಷ್ಟೂ ಬಿಟ್ಟಿರಲಿಲ್ಲ. ಬೇಕಿದ್ದರೆ ಪೂರ್ತಿ ತೆಗೆದುಬಿಡುತ್ತೇನೆ, ಇಲ್ಲವೇ ನೀವು ಕೂರುವ ಜಾಗವನ್ನಾದರೂ ಬದಲಾಯಿಸಿ ಎಂದೆ. ಟೀಚರು ಪಟ್ಟಿಗಳ ಮೇಲೆ ಒಮ್ಮೆ ಅಂಗೈ ಆಡಿಸಿದರು.

"ನಾನು ಮದುವೆಯಾಗಿ ಬಂದಾಗಿಂದ ಇದೇ ಕೋಣೇಲಿ ಕೂತು ಓದಿದ್ದೀನಿ. ಇಲ್ಲೇ ಕೂರ್ತೀನಿ" ಎಂದರು. "ಇದ್ರೆ ಅದೂ ಶ್ಲೋಕ ಕೇಳಲಿ."

ಈಗಲೂ ಅಲ್ಲೇ ಕೂತು ಹೇಳಿಕೊಡುತ್ತಾರೆ.

ಮೊನ್ನೆ ಅವರದೇ ಫೋನ್ ಮತ್ತೆ ಬಂತು. ಮಹಡಿಯ ಕೋಣೆಯ ಗೋಡೆಯೂ ಉಪ್ಪು ಬಿಡುತ್ತಿದೆಯಂತೆ, ಅದಕ್ಕೂ ಇದೇ ಪಟ್ಟಿ ಹಾಕಿಕೊಡಬೇಕಂತೆ. ಆ ಗೋಡೆಯೂ ಅದೇ ಬಂಡೆಗೆ ಆನಿದೆ. ನಾನು ಒಪ್ಪಿಕೊಂಡ ಮೇಲೆ ಮಾದೇವಣ್ಣನಿಗೆ ಹೇಳಿದೆ. ಈ ಸಲ ನಾನು ಬರಾಕಿಲ್ಲ ಕಣವ್ವ ಎಂದ. ಒತ್ತಾಯ ಮಾಡಲಿಲ್ಲ. ಇವತ್ತು ಸಂಜೆ ಅವನೇ ನಾನು ಸಾಮಾನು ಇಡುವ ಅಂಗಡಿಗೆ ಬಂದು, ಮೂಲೆಯಲ್ಲಿ ಕೂತು ಡ್ರಿಲ್ಲಿನ ಬಿಟ್‌ಗಳನ್ನೆಲ್ಲ ಎಣ್ಣೆ ಹಾಕಿ ಒರೆಸಿ ಚೀಲಕ್ಕೆ ತುಂಬಿಟ್ಟ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುವುದು ಎಂದಷ್ಟೇ ಕೇಳಿದ.

ನಾಳೆ ಹೊರಡುತ್ತೇವೆ. ಹೆದರಿಕೆ ಇಲ್ಲವಾ ಎಂದು ಕೇಳಬೇಡಿ. ಇದೆ. ಇಬ್ಬರಿಗೂ ಇದೆ.